ಕಟ್ಟದ ಮನೆಗಳ ಓಟು

"ಅಸೋಸಿಯೇಷನ್ ಆಗಲೇ ಇದೆಯಲ್ಲ ಮೇಡಂ, ಮತ್ತೆ ಇನ್ನೊಂದು ಯಾಕೆ?" ಎಂದು ಬಿಲ್ಡರ್ ಕಡೆಯ ಫೆಸಿಲಿಟಿ ಮ್ಯಾನೇಜರ್ ಕೇಳಿದರು. ಅವರು ಹೇಳಿದ್ದು ಸುಳ್ಳಾಗಿರಲಿಲ್ಲ. ಮೇಂಟೆನೆನ್ಸ್ ರಸೀದಿಯ ಮೇಲೆ ಅಸೋಸಿಯೇಷನ್ ಹೆಸರು ಅಚ್ಚಾಗಿಯೇ ಬರುತ್ತಿತ್ತು. ಅದರ ಅಧ್ಯಕ್ಷರು ಬಿಲ್ಡರ್ ಕಂಪನಿಯ ಮಾರಾಟ ವಿಭಾಗದ ಮುಖ್ಯಸ್ಥರು, ಕಾರ್ಯದರ್ಶಿ ಅದೇ ಕಂಪನಿಯ ಕಾನೂನು ಸಲಹೆಗಾರರು, ಖಜಾಂಚಿ ಅಲ್ಲಿನ ಲೆಕ್ಕಪತ್ರ ವಿಭಾಗದವರು. ಮೂವರಲ್ಲಿ ಒಬ್ಬರೂ ನಮ್ಮ ಗೇಟಿನೊಳಗೆ ವಾಸವಿರಲಿಲ್ಲ. ನಮ್ಮ ಮನೆಗಳ ಅಸೋಸಿಯೇಷನ್ನಿನಲ್ಲಿ ನಾವೇ ಇಲ್ಲ ಎಂಬುದು ಮೂರು ವರ್ಷ ಯಾರ ಗಮನಕ್ಕೂ ಬಂದಿರಲಿಲ್ಲ.

ನಮ್ಮದು ಬೆಂಗಳೂರಿನ ಕನಕಪುರ ರಸ್ತೆ, ತಲಘಟ್ಟಪುರ ದಾಟಿದ ಮೇಲೆ ಸಿಗುವ ಅಪಾರ್ಟ್‌ಮೆಂಟು. ಎ, ಬಿ ಎರಡು ಟವರು ಸೇರಿ ಇನ್ನೂರು ಚಿಲ್ಲರೆ ಮನೆ. ಸಿ ಟವರ್ ಎಂದು ಬ್ರೋಷರಿನಲ್ಲಿ ಬಣ್ಣಬಣ್ಣವಾಗಿ ನಿಂತಿದ್ದ ಕಟ್ಟಡದ ಜಾಗದಲ್ಲಿ ಆಗ ಇದ್ದದ್ದು ತಗಡಿನ ಬೇಲಿ, ಅದರ ಹಿಂದೆ ಮಳೆನೀರು ನಿಂತ ಒಂದು ಗುಂಡಿ. ನಾವು ಸೇರಿದ್ದು 2019ರಲ್ಲಿ. ನೋಂದಣಿ ದಿನ ಚದರಡಿಗೆ 50 ರೂಪಾಯಿಯಂತೆ ಕಾರ್ಪಸ್ ಫಂಡ್ (ಮುಂದಿನ ದೊಡ್ಡ ಖರ್ಚುಗಳಿಗೆಂದು ಕೂಡಿಡುವ ಮೂಲನಿಧಿ) ಕಟ್ಟಿಸಿಕೊಂಡರು. ನಮ್ಮ 1,240 ಚದರಡಿಯ ಮನೆಗೆ ಅದು 62,000 ರೂಪಾಯಿ. ಯಾವ ಬ್ಯಾಂಕಿಗೆ ಹೋಯಿತು, ಬಡ್ಡಿ ಎಲ್ಲಿ ಜಮೆಯಾಗುತ್ತಿದೆ ಎಂದು ಕೇಳಿದರೆ "ಆಡಿಟ್ ನಡೀತಿದೆ" ಎಂಬ ಉತ್ತರ ಸಿದ್ಧವಿರುತ್ತಿತ್ತು.

2022ರ ಬೇಸಿಗೆಯಲ್ಲಿ ಲಿಫ್ಟ್ ಪಕ್ಕದ ಬೋರ್ಡಿಗೆ ಒಂದು ನೋಟಿಸು ಬಿತ್ತು. ಮೇಂಟೆನೆನ್ಸ್ ಚದರಡಿಗೆ 3.25ರಿಂದ 4.75ಕ್ಕೆ ಏರಿದೆ, ಮುಂದಿನ ತಿಂಗಳಿಂದ ಜಾರಿ. ನಮಗೆ 4,030 ಇದ್ದದ್ದು 5,890 ಆಯಿತು. 1,600 ಚದರಡಿಯ ಮೂರು ಕೋಣೆ ಮನೆಯವರಿಗೆ ಪೆಟ್ಟು ಇನ್ನೂ ಜೋರು. ಅವರ ಬಿಲ್ಲು 5,200ರಿಂದ 7,600ಕ್ಕೆ ಹೋಯಿತು. ತಿಂಗಳ ಮೇಂಟೆನೆನ್ಸ್ 7,500 ದಾಟಿದರೆ ಶೇ 18ರ ಜಿಎಸ್‌ಟಿ ಬೀಳುತ್ತದೆ. ಬಿಲ್ಲಿನ ತಳದಲ್ಲಿ 1,368 ರೂಪಾಯಿ ಹೊಸದಾಗಿ ಸೇರಿತು. ಅಲ್ಲಿಯವರೆಗೆ "ನಮಗ್ಯಾಕೆ ಇಲ್ಲದ ಉಸಾಬರಿ" ಎನ್ನುತ್ತಿದ್ದ ಬಿ ಟವರಿನ ಮೇಲಿನ ಮಹಡಿಗಳವರು ಆ ವಾರ ತಾವಾಗಿಯೇ ಕೆಳಗಿಳಿದು ಬಂದರು.

ಬಂದವರಲ್ಲಿ ಎಲ್ಲರೂ ನಿಲ್ಲಲಿಲ್ಲ, ಅದಕ್ಕೆ ಅವರವರ ಕಾರಣಗಳಿದ್ದವು. ಕೆಲವರ ಖಾತಾ ಇನ್ನೂ ಬಿಲ್ಡರ್ ಕಚೇರಿಯ ಮೂಲಕವೇ ಆಗಬೇಕಿತ್ತು. ಕೆಲವರು ಮನೆ ಬಾಡಿಗೆಗೆ ಕೊಟ್ಟು ದುಬೈ, ಡಲ್ಲಾಸ್‌ಗಳಲ್ಲಿದ್ದರು. ಬಿಲ್ಡರ್ ಹತ್ತಿರವೇ ಇನ್ನೊಂದು ಫ್ಲ್ಯಾಟ್ ಬುಕ್ ಮಾಡಿದ್ದವರೂ ಇದ್ದರು. ನಿವಾಸಿಗಳ ವಾಟ್ಸಾಪ್ ಗುಂಪಿಗೆ ಫೆಸಿಲಿಟಿ ಮ್ಯಾನೇಜರೇ ಅಡ್ಮಿನ್. ಲೆಕ್ಕ ಕೇಳಿ ಒಬ್ಬರು ಬರೆದರೆ ಸಂಜೆಯೊಳಗೆ ಅದು ಮಾಯ. ಆದ್ದರಿಂದ ನಾವು ಮನೆಮನೆಗೆ ಹೋದೆವು. ಎ ಟವರಿನ ನಿವೃತ್ತ ಮೇಷ್ಟ್ರು, ಜಯನಗರದ ಆಸ್ಪತ್ರೆಯೊಂದರಲ್ಲಿ ಕೆಲಸಕ್ಕಿದ್ದ ನರ್ಸಮ್ಮ, ಆಗಷ್ಟೇ ಸಿಎ ಮುಗಿಸಿದ್ದ ಒಬ್ಬ ಹುಡುಗಿ, ನಾನು. ವಿಮಾ ಕಚೇರಿಯ ಕ್ಲೇಮ್ ವಿಭಾಗದಲ್ಲಿ ದುಡಿದು ನಿವೃತ್ತಳಾದವಳು ನಾನು. ಸಣ್ಣ ಅಕ್ಷರ ಓದುವ ಕೆಲಸ ನನ್ನ ಪಾಲಿಗೆ ಬಂತು.

ಅಸೋಸಿಯೇಷನ್ ಇದ್ದ ಮೇಲೆ ಅದು ಎಲ್ಲೋ ನೋಂದಣಿಯಾಗಿರಲೇಬೇಕು. ಕ್ರಯಪತ್ರದ ಒಂದು ಮೂಲೆಯಲ್ಲಿ "ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ, 1972ರಂತೆ ಡೀಡ್ ಆಫ್ ಡಿಕ್ಲರೇಷನ್" ಎಂಬ ಸಾಲಿತ್ತು. ಈ ಡೀಡ್ ಪ್ರತಿ ಅಪಾರ್ಟ್‌ಮೆಂಟಿನ ತಾಯಿಬೇರು. ಯಾವುದು ಸಾಮಾನ್ಯ ಜಾಗ, ಯಾರ ಪಾಲು ಶೇಕಡ ಎಷ್ಟು, ಯಾರಿಗೆ ಎಷ್ಟು ಓಟು, ಬೈಲಾ ಏನು ಹೇಳುತ್ತದೆ ಎಂಬುದೆಲ್ಲ ಅದರಲ್ಲೇ ಇರುತ್ತದೆ. ನಮ್ಮಲ್ಲಿ ಒಬ್ಬರೂ ಅದನ್ನು ಕಂಡಿರಲಿಲ್ಲ, ಕೇಳಿದರೆ ಕೊಡುವವರೂ ಇರಲಿಲ್ಲ. ಆದರೆ ಅದು ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಣಿಯಾಗುವ ದಾಖಲೆ. ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಇಸಿ (ಋಣಭಾರ ಪತ್ರ) ತೆಗೆಸಿ, ದಸ್ತಾವೇಜಿನ ಸಂಖ್ಯೆ ಹಿಡಿದು, ದೃಢೀಕೃತ ನಕಲಿಗೆ ಅರ್ಜಿ ಹಾಕಿದೆವು. ಬಿಲ್ಡರ್ ಬಾಗಿಲು ತಟ್ಟುವ ಅಗತ್ಯವೇ ಬೀಳಲಿಲ್ಲ.

ನಕಲು ಬಂದ ರಾತ್ರಿ ನಮ್ಮ ಊಟದ ಮೇಜಿನ ಮೇಲೆ ಅದನ್ನು ಹರಡಿಕೊಂಡು ಕೂತೆವು. ಮೇಷ್ಟ್ರು ಒಂದೊಂದು ಕಲಮನ್ನೂ ಗಟ್ಟಿಯಾಗಿ ಓದಿದರು. ಸಿ ಟವರಿನ ಕಟ್ಟಕಡೆಯ ಮನೆ ಮಾರಾಟವಾಗುವ ತನಕ ಆಡಳಿತ ಮಂಡಳಿಯನ್ನು ಪ್ರಮೋಟರೇ, ಅಂದರೆ ಬಿಲ್ಡರೇ, ನೇಮಿಸುತ್ತಾರೆ ಎಂದು ಒಂದು ಕಲಮು. ಕ್ಲಬ್ ಹೌಸ್, ಟೆರೇಸು, ಅತಿಥಿಗಳ ಪಾರ್ಕಿಂಗ್ ಪ್ರಮೋಟರ್ ಕಾಯ್ದಿರಿಸಿಕೊಂಡ ಜಾಗ ಎಂದು ಇನ್ನೊಂದು. ಎಲ್ಲಕ್ಕಿಂತ ಮುಖ್ಯವಾದದ್ದು ಕೊನೆಯ ಹಾಳೆಗಳಲ್ಲಿದ್ದ ಒಂದು ಕೋಷ್ಟಕ. 1972ರ ಕಾಯ್ದೆಯಡಿ ಓಟಿನ ತೂಕ ಸಾಮಾನ್ಯ ಜಾಗದಲ್ಲಿ ಪ್ರತಿ ಮನೆಗಿರುವ ಅವಿಭಾಜ್ಯ ಪಾಲಿನ ಶೇಕಡಾವಾರು ಲೆಕ್ಕದ್ದು, ಬಹುಮತ ಎಂದರೆ ಶೇ 51 ಅಥವಾ ಅದಕ್ಕಿಂತ ಹೆಚ್ಚು. ಕೋಷ್ಟಕದಲ್ಲಿ ಸಿ ಟವರಿನ ಮನೆಗಳೂ ಇದ್ದವು, ಒಂದೊಂದಕ್ಕೂ ನಂಬರು, ಒಂದೊಂದಕ್ಕೂ ಪಾಲು. ಸಿಎ ಹುಡುಗಿ ಕೂಡಿಸಿದಳು. ಸಿ ಟವರಿನದು 44, ಎ ಮತ್ತು ಬಿಗಳಲ್ಲಿ ಮಾರದೆ ಉಳಿದವುಗಳದು 9. ಒಟ್ಟು 53. ಇನ್ನೂ ತಳಪಾಯವೂ ಬೀಳದ ಮನೆಗಳ ಓಟಿನಿಂದ ಬಿಲ್ಡರ್ ನಮ್ಮೆಲ್ಲರನ್ನೂ ಸೋಲಿಸಬಲ್ಲವರಾಗಿದ್ದರು.

ಅದನ್ನು ಕಣ್ಣಾರೆ ಕಂಡದ್ದು ಆ ವರ್ಷದ ಸರ್ವಸದಸ್ಯರ ಸಭೆಯಲ್ಲಿ. ಕ್ಲಬ್ ಹೌಸಿನಲ್ಲಿ ಕುರ್ಚಿ ಸಾಲದೆ ಜನ ಗೋಡೆಗೆ ಒರಗಿ ನಿಂತಿದ್ದರು. ಲೆಕ್ಕಪತ್ರಕ್ಕೆ ಒಪ್ಪಿಗೆ ಕೇಳಿದಾಗ ಸಭೆಯಲ್ಲಿ ಒಂದೇ ಒಂದು ಕೈ ಏಳಲಿಲ್ಲ. ವೇದಿಕೆಯ ಪಕ್ಕ ಕೂತಿದ್ದ ಬಿಲ್ಡರ್ ಕಡೆಯ ಹುಡುಗ ರಬ್ಬರ್ ಬ್ಯಾಂಡ್ ಸುತ್ತಿದ ಪ್ರಾಕ್ಸಿ ಪತ್ರಗಳ ಕಟ್ಟನ್ನು ಮೇಲೆತ್ತಿ "ಶೇಕಡ 53 ಪರ, ಠರಾವು ಪಾಸಾಗಿದೆ" ಎಂದು ಓದಿದ. ಸಿಎ ಹುಡುಗಿ ಎದ್ದು ನಿಂತಳು.

"ಸಾರ್, ಸಿ 302ರ ಮಾಲೀಕರು ಯಾರು?"

"ಪ್ರಮೋಟರು."

"ಆ ಮನೆ ಎಲ್ಲಿದೆ ಸಾರ್?"

ಎಲ್ಲರೂ ಕಿಟಕಿಯಾಚೆಯ ತಗಡಿನ ಬೇಲಿಯ ಕಡೆ ತಿರುಗಿದರು. ಅವಳು ಬಿಡಲಿಲ್ಲ. "ಓಟು ಇರೋ ಮನೆ ಅಂದ್ಮೇಲೆ ಮೇಂಟೆನೆನ್ಸೂ ಇರ್ಬೇಕಲ್ಲ? ನೀವೇ ಹಂಚಿರೋ ಲೆಕ್ಕದಲ್ಲಿ ಮಾರದೆ ಉಳಿದ ಮನೆಗಳ ಕಡೆಯಿಂದ ಒಂದು ರೂಪಾಯಿಯೂ ಜಮೆ ಆಗಿಲ್ಲ." ಖಜಾಂಚಿ ಫೈಲು ತಿರುವಿ ಹಾಕಿದರು, ಉತ್ತರ ಸಿಗಲಿಲ್ಲ. ಠರಾವು ಮಾತ್ರ ಪಾಸಾಯಿತು. ಆದರೆ ಅವತ್ತಿನಿಂದ ಯಾರಿಗೂ ಏನನ್ನೂ ಬಿಡಿಸಿ ಹೇಳುವ ಅಗತ್ಯ ಬೀಳಲಿಲ್ಲ. ನಮ್ಮ ನಾಲ್ವರ ಕೆಲಸ ಎರಡು ಟವರುಗಳ ಕೆಲಸವಾಯಿತು.

ಮುಂದೇನು ಎಂಬಲ್ಲಿ ಅಭಿಪ್ರಾಯ ಒಡೆಯಿತು. ಸಂಘಗಳ ನೋಂದಣಿ ಕಾಯ್ದೆ 1960ರಡಿ ಬೇರೆ ಸಂಘವನ್ನೇ ಕಟ್ಟಿಬಿಡೋಣ, ಬೇಗ ಆಗುತ್ತದೆ ಎಂದು ಹಲವರು. ನಾನು ಒಪ್ಪಲಿಲ್ಲ. ಫ್ಲ್ಯಾಟ್ ಮಾಲೀಕರ ಸಂಘಕ್ಕೆ ಆ ಕಾಯ್ದೆ ತಕ್ಕದ್ದಲ್ಲ ಎಂದು ನಮ್ಮ ಹೈಕೋರ್ಟೇ ಹೇಳಿದೆ. ಎರಡು ಸಂಘವಾದರೆ ಜಗಳ ಅವೆರಡರ ನಡುವೆ ಶುರುವಾಗುತ್ತದೆ, ಬಿಲ್ಡರ್ ದೂರ ನಿಂತು ನೋಡುತ್ತಾರೆ. ಇರುವ ಅಸೋಸಿಯೇಷನ್ನನ್ನೇ ನಮ್ಮ ಕೈಗೆ ತೆಗೆದುಕೊಳ್ಳಬೇಕು ಎಂಬುದು ನನ್ನ ವಾದ. ವಾರಗಟ್ಟಲೆ ಮಾತಾಡಿದ ಮೇಲೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಪ್ರಾಧಿಕಾರಕ್ಕೆ ಒಟ್ಟಾಗಿ ದೂರು ಕೊಡುವುದೆಂದು ಠರಾಯಿಸಿ, ಮನೆಗಿಷ್ಟು ಎಂದು ವಕೀಲರ ಶುಲ್ಕ ಕೂಡಿಸಿದೆವು. ಬಾಡಿಗೆಗಿದ್ದವರೂ ಕೈಲಾದಷ್ಟು ಕೊಟ್ಟರು, ಅವರ ಮೇಲೆ ಕಾನೂನಿನ ಯಾವ ಭಾರವೂ ಇರಲಿಲ್ಲ. ಆ ಪಟ್ಟಿ ಈಗಲೂ ನನ್ನ ಹತ್ತಿರ ಇದೆ.

2016ರ ರೇರಾ ಕಾಯ್ದೆಯನ್ನು ಮನೆ ತಡವಾಗಿ ಕೊಟ್ಟವರ ಮೇಲೆ ಬಡ್ಡಿ ವಸೂಲಿ ಮಾಡುವ ಕಾನೂನು ಎಂದಷ್ಟೇ ಬಹಳ ಜನ ತಿಳಿದಿದ್ದಾರೆ. ಅಸೋಸಿಯೇಷನ್ ವಿಷಯದಲ್ಲಿ ಅದರ ಮಾತು ನೇರವಾಗಿದೆ. ಸಂಘ ರಚನೆಗೆ ಅನುವು ಮಾಡಿಕೊಡುವುದು ಸೆಕ್ಷನ್ 11(4)(ಇ) ಪ್ರಕಾರ ಪ್ರಮೋಟರ್ ಕರ್ತವ್ಯ. ಸ್ಥಳೀಯ ಕಾನೂನು ಇಲ್ಲದ ಕಡೆ, ಹೆಚ್ಚಿನ ಮನೆಗಳು ಬುಕ್ ಆದ ಮೂರು ತಿಂಗಳೊಳಗೆ ಸಂಘ ಆಗಬೇಕು. ಸಾಮಾನ್ಯ ಜಾಗಗಳ ಹಕ್ಕನ್ನು ಆ ಸಂಘಕ್ಕೆ ಬರೆದುಕೊಡಬೇಕು, ದಾಖಲೆ ಮತ್ತು ನಕ್ಷೆಗಳನ್ನು ಒಪ್ಪಿಸಬೇಕು ಎಂದು 17ನೇ ಸೆಕ್ಷನ್. ಸಾಮಾನ್ಯ ಜಾಗ ಯಾವುದು ಎಂಬ ವ್ಯಾಖ್ಯೆಯಲ್ಲಿ ಟೆರೇಸು, ಬೇಸ್‌ಮೆಂಟು, ತೆರೆದ ಪಾರ್ಕಿಂಗು, ಯೋಜನೆಯಲ್ಲಿ ಒದಗಿಸಿದ ಸಮುದಾಯ ಸೌಕರ್ಯಗಳು ಎಲ್ಲವೂ ಇವೆ. ಬೇರೆ ಕಾನೂನು ಇದಕ್ಕೆ ವಿರುದ್ಧವಾಗಿದ್ದರೆ ರೇರಾವೇ ಮೇಲು ಎಂದು 89ನೇ ಸೆಕ್ಷನ್. ಹಾಗಿರುವಾಗ ಬಿಲ್ಡರ್ ತಾವೇ ಬರೆದುಕೊಂಡ ಡೀಡಿನ ಕಲಮು ಎಲ್ಲಿ ನಿಲ್ಲುತ್ತದೆ? ನಮ್ಮ ವಕೀಲರು ಎಲ್ಲಕ್ಕಿಂತ ಹೆಚ್ಚು ನೆಚ್ಚಿಕೊಂಡದ್ದು ಇನ್ನೂ ಸರಳವಾದ ಒಂದು ಅಂಶವನ್ನು. ಕಾಯ್ದೆ ಹೇಳುವುದು ಹಂಚಿಕೆದಾರರ ಸಂಘ ಎಂದು. ಹಂಚಿಕೆದಾರ ಎಂದರೆ ಪ್ರಮೋಟರಿಂದ ಮನೆ ಪಡೆದವನು. ಪ್ರಮೋಟರ್ ತನಗೆ ತಾನೇ ಹಂಚಿಕೆದಾರ ಆಗಲಾರ.

ವಿಚಾರಣೆಗಳು ಒಂದಾದ ಮೇಲೊಂದು ನಡೆದವು, ಅದರಲ್ಲಿ ಹೇಳಿಕೊಳ್ಳುವಂಥದ್ದು ಕಡಿಮೆ. ಬಿಲ್ಡರ್ ವಕೀಲರ ವಾದ ಪ್ರತಿ ಸಲ ಒಂದೇ. ಯೋಜನೆ ಪೂರ್ತಿಯಾಗಿಲ್ಲ, ಅಸೋಸಿಯೇಷನ್ ಇದೆ, ಡೀಡಿಗೆ ಎಲ್ಲರೂ ಬದ್ಧರು.

ನಿಜವಾಗಿ ತಕ್ಕಡಿ ನಮ್ಮ ಕಡೆ ವಾಲಿದ್ದು ನಮ್ಮ ಗೇಟಿನೊಳಗೇ, 2023ರ ದೀಪಾವಳಿ ಹೊತ್ತಿಗೆ. ಬಿಲ್ಡರ್ ಕಚೇರಿಯ ಇಬ್ಬರು ಸಿಹಿ ಡಬ್ಬ ಹಿಡಿದು ಮನೆಮನೆಗೆ ಬಂದರು, ಜೊತೆಗೊಂದು ಫಾರಂ. "ಹಬ್ಬದ ಶುಭಾಶಯ ಆಂಟಿ, ಇಲ್ಲೊಂದು ಸಹಿ ಬೇಕಿತ್ತು, ಸುಮ್ನೆ ಫಾರ್ಮಾಲಿಟಿ." ನರ್ಸಮ್ಮ ರಾತ್ರಿ ಪಾಳಿ ಮುಗಿಸಿ ಬಂದು ಬಾಗಿಲು ತೆಗೆದವರು ಫಾರಂ ತೆಗೆದುಕೊಂಡು "ಓದಿ ಕೊಡ್ತೀನಪ್ಪ" ಎಂದು ಒಳಗಿಟ್ಟುಕೊಂಡರು. ಡಬ್ಬ ವಾಪಸು ಕೊಟ್ಟರು. ಹತ್ತು ನಿಮಿಷದಲ್ಲಿ ಫಾರಂ ನಮ್ಮ ಮನೆಯಲ್ಲಿತ್ತು. ಸಿ ಟವರಿನ ಮೇಲೆ ಎರಡು ಮಹಡಿ ಹೆಚ್ಚಿಸುವುದಕ್ಕೆ, ಮಕ್ಕಳ ಪಾರ್ಕನ್ನು ಹಿಂದಿನ ಮೋರಿ ಕಡೆಗೆ ಸರಿಸುವುದಕ್ಕೆ ನಮ್ಮ ಒಪ್ಪಿಗೆ ಪತ್ರ ಅದು.

ರೇರಾದ 14ನೇ ಸೆಕ್ಷನ್ ಪ್ರಕಾರ ಮಂಜೂರಾದ ನಕ್ಷೆಯಲ್ಲಿ ಅಥವಾ ಸಾಮಾನ್ಯ ಜಾಗದಲ್ಲಿ ಇಂಥ ಬದಲಾವಣೆ ಮಾಡಬೇಕಾದರೆ ಹಂಚಿಕೆದಾರರ ಪೈಕಿ ಮೂರನೇ ಎರಡರಷ್ಟು ಜನರ ಲಿಖಿತ ಒಪ್ಪಿಗೆ ಮೊದಲೇ ಬೇಕು. ಪ್ರಮೋಟರನ್ನು ಈ ಲೆಕ್ಕದಿಂದ ಹೊರಗಿಟ್ಟಿದ್ದಾರೆ. ಒಬ್ಬರ ಹೆಸರಲ್ಲಿ ಎಷ್ಟು ಮನೆ ಇದ್ದರೂ, ಕುಟುಂಬದವರ ಅಥವಾ ಸಹೋದರ ಕಂಪನಿಗಳ ಹೆಸರಲ್ಲಿದ್ದರೂ, ಅವರು ಒಬ್ಬರೇ ಎಂದು ಎಣಿಸಬೇಕು. ಸಭೆಯಲ್ಲಿ ನಮ್ಮನ್ನು ಸೋಲಿಸಿದ್ದ 53 ಇಲ್ಲಿ ಸೊನ್ನೆ. ಅವರಿಗೆ ಬೇಕಾದ ಒಪ್ಪಿಗೆ ನಮ್ಮಿಂದ ಮಾತ್ರ ಸಿಗಬಹುದಾಗಿತ್ತು. ಅವತ್ತು ಸಂಜೆಯೇ ಎರಡೂ ಟವರಿನ ಪ್ರತಿ ಬಾಗಿಲಿನ ಕೆಳಗೆ ಒಂದು ಹಾಳೆ ಹೋಯಿತು, ಕನ್ನಡದಲ್ಲೂ ಇಂಗ್ಲಿಷಿನಲ್ಲೂ: ಸಹಿ ಹಾಕುವ ಮೊದಲು ಓದಿ, ಮಕ್ಕಳ ಪಾರ್ಕು ಎಲ್ಲಿಗೆ ಹೋಗುತ್ತದೆ ನೋಡಿ. ಹೊರದೇಶದಲ್ಲಿದ್ದವರಿಗೆ ಮೇಷ್ಟ್ರ ಮಗ ಒಬ್ಬೊಬ್ಬರಿಗೂ ಫೋನ್ ಮಾಡಿದ. ಆ ತನಕ ಯಾವ ಸಭೆಗೂ ಬಾರದವರು ಕೂಡ ಫಾರಂ ವಾಪಸು ಕೊಡಲಿಲ್ಲ.

ಆಗ ಬಿಲ್ಡರ್ ಕಡೆಯಿಂದ ಕ್ರಯದ ಕರಾರಿನ ಒಂದು ಕಲಮು ಹೊರಬಂತು. ಮುಂದಿನ ಎಲ್ಲ ಬದಲಾವಣೆಗಳಿಗೂ ಖರೀದಿದಾರರು ಈಗಲೇ ಒಪ್ಪಿದ್ದಾರೆ ಎಂದು. ಇಂಥ ಸಾರಾಸಗಟು ಮುಂಗಡ ಒಪ್ಪಿಗೆ ಸಾಲದು, ಇಂಥದ್ದೇ ಬದಲಾವಣೆ ಎಂದು ತಿಳಿಸಿ ಪಡೆದ ಒಪ್ಪಿಗೆ ಬೇಕು ಎಂದು ಮಹಾರಾಷ್ಟ್ರದ ಫ್ಲ್ಯಾಟ್ ಕಾಯ್ದೆಯಡಿ ಬಾಂಬೆ ಹೈಕೋರ್ಟ್ ಹೇಳಿದೆ. ನಮ್ಮ ವಕೀಲರು ಅದನ್ನೇ ಮುಂದಿಟ್ಟರು. ಸಿ ಟವರಿಗೆ ಸಾಲ ಕೊಡುವ ಬ್ಯಾಂಕು ವ್ಯಾಜ್ಯವಿದೆಯೇ ಎಂದು ವಿಚಾರಿಸತೊಡಗಿದೆ ಎಂಬ ಸುದ್ದಿಯೂ ಅದೇ ಹೊತ್ತಿಗೆ ಬಂತು. ಕೆಲವೇ ವಾರಗಳಲ್ಲಿ ಮಾತುಕತೆಗೆ ಬನ್ನಿ ಎಂಬ ಕರೆ ಬಂತು. ಅಷ್ಟು ದಿನ ಮುಖ ತೋರಿಸದಿದ್ದ ಕಂಪನಿಯ ನಿರ್ದೇಶಕರೇ ಎದುರು ಕೂತರು.

"ನೀವು ಒಪ್ಪಿಗೆ ಕೊಡಿ, ನಾವು ಅಸೋಸಿಯೇಷನ್ ಬಿಟ್ಟುಕೊಡ್ತೀವಿ" ಎಂಬುದು ಅವರ ಮೊದಲ ಮಾತು. ಕೆಲವರಿಗೆ ಅದೇ ಸಾಕೆನಿಸಿತ್ತು, ತಪ್ಪೇನೂ ಅಲ್ಲ, ಎಲ್ಲರೂ ದಣಿದಿದ್ದೆವು. ಮೇಷ್ಟ್ರು ಮಾತ್ರ ಕದಲಲಿಲ್ಲ. "ಅಸೋಸಿಯೇಷನ್ ನಮ್ಮದೇ. ಅದನ್ನ ಕೊಡೋದಕ್ಕೆ ನೀವು ಬೆಲೆ ಕೇಳೋ ಹಾಗಿಲ್ಲ. ಪಾರ್ಕಿನ ವಿಷಯ ಬೇರೆ, ಅದನ್ನ ಚುನಾಯಿತ ಮಂಡಳಿ ಬಂದ ಮೇಲೆ ಜನ ತೀರ್ಮಾನ ಮಾಡ್ತಾರೆ." ಎರಡನ್ನೂ ಬೇರ್ಪಡಿಸಿದ್ದೇ ಇಡೀ ಹೋರಾಟದ ಅತ್ಯಂತ ಸರಿಯಾದ ಹೆಜ್ಜೆ ಎಂದು ನಾನು ನಂಬಿದ್ದೇನೆ. ಕೊನೆಗೆ ಪ್ರಾಧಿಕಾರದ ಮುಂದೆ ಜಂಟಿ ಮೆಮೊ, ಅಂದರೆ ಎರಡೂ ಕಡೆಯವರು ಒಪ್ಪಿದ ರಾಜಿ ಪತ್ರ, ಹಾಕಿದೆವು. ಮಂಡಳಿಯನ್ನು ನೇಮಿಸುವ ಕಲಮನ್ನು ಪ್ರಮೋಟರ್ ಚಲಾಯಿಸುವುದಿಲ್ಲ. ಸಿ ಟವರಿನ ಮನೆಗಳಿಗೆ ಕೊಂಡವರ ಹೆಸರಿಗೆ ನೋಂದಣಿಯಾಗುವ ತನಕ ಓಟಿಲ್ಲ. ಮಾರದೆ ಉಳಿದ ಎ, ಬಿ ಮನೆಗಳ ಮೇಂಟೆನೆನ್ಸ್ ಬಾಕಿಯನ್ನು ಪ್ರಮೋಟರ್ ಕಟ್ಟಬೇಕು. ಕಾರ್ಪಸ್ ಫಂಡನ್ನು ಬಡ್ಡಿ ಸಮೇತ ಹೊಸ ಖಾತೆಗೆ ವರ್ಗಾಯಿಸಬೇಕು.

ಚುನಾವಣೆಯಾಗಿ ಒಂಬತ್ತು ಜನರ ಮಂಡಳಿ ಬಂತು, ನರ್ಸಮ್ಮ ಅಧ್ಯಕ್ಷೆ. ಅಧಿಕಾರ ಕಾಗದದ ಮೇಲೆ ಬಂದಷ್ಟು ಸಲೀಸಾಗಿ ಕಟ್ಟಡ ನಮ್ಮ ಕೈಗೆ ಬರಲಿಲ್ಲ.

ಜಂಟಿ ತಪಾಸಣೆಗೆ ಬೇಸ್‌ಮೆಂಟಿಗೆ ಇಳಿದಾಗ ಟಾರ್ಚ್ ಬೆಳಕಿನಲ್ಲಿ ಮೊದಲು ಕಂಡದ್ದು ಬೆಂಕಿ ನಂದಿಸುವ ಪಂಪಿನ ಪ್ಯಾನೆಲ್. ತಾನಾಗಿ ಚಾಲೂ ಆಗಬೇಕಾದ ಪಂಪಿನ ಸ್ವಿಚ್ಚನ್ನು ಮ್ಯಾನ್ಯುಯಲ್‌ಗೆ ತಿರುಗಿಸಿಟ್ಟಿದ್ದರು. ಹೋಸ್ ಪೆಟ್ಟಿಗೆಗಳ ಗಾಜು ಒರೆಸಿ ನೋಡಿದರೆ ಅರ್ಧಕ್ಕರ್ಧದಲ್ಲಿ ಹಿತ್ತಾಳೆಯ ನಾಜಲ್ಲೇ ಇಲ್ಲ. ಇನ್ನೂರು ಸಂಸಾರ ಇಷ್ಟು ವರ್ಷ ಇದರ ಮೇಲೆ ಮಲಗಿ ಎದ್ದಿದ್ದವು. ನನಗೆ ಕೋಪಕ್ಕಿಂತ ಹೆಚ್ಚಾಗಿ ಭಯವಾಯಿತು. ಲಿಫ್ಟಿನ ಲೈಸೆನ್ಸ್ ನವೀಕರಣ ಆಗಿರಲಿಲ್ಲ. ಕೊಳಚೆ ನೀರು ಶುದ್ಧೀಕರಣ ಘಟಕಕ್ಕೆ (ಎಸ್‌ಟಿಪಿ) ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಪತ್ರ ಬಿಲ್ಡರ್ ಹೆಸರಲ್ಲಿತ್ತು, ಅವಧಿಯೂ ಮುಗಿದಿತ್ತು. ವಿದ್ಯುತ್ ಸಂಪರ್ಕದ ಠೇವಣಿ, ಡೀಸೆಲ್ ಜನರೇಟರಿನ ಕಾಗದ, ಪೈಪುಗಳು ನಿಜಕ್ಕೂ ಎಲ್ಲೆಲ್ಲಿ ಹೋಗಿವೆ ಎಂದು ತೋರಿಸುವ ನಕ್ಷೆ, ಒಂದೊಂದಕ್ಕೂ ಪತ್ರ, ಒಂದೊಂದಕ್ಕೂ ಸ್ವೀಕೃತಿ. 2024ರ ಮಾರ್ಚಿನಲ್ಲಿ ಊರಿಗೆ ಊರೇ ನೀರಿಗೆ ಪರದಾಡಿತಲ್ಲ, ಆಗ ಗೊತ್ತಾಯಿತು ಕೊಳವೆಬಾವಿಗಳ ಲೆಕ್ಕ. ಹಸ್ತಾಂತರದ ಪಟ್ಟಿಯಲ್ಲಿ ನಾಲ್ಕು, ನೀರು ಬರುತ್ತಿದ್ದದ್ದು ಎರಡರಲ್ಲಿ. ಟ್ಯಾಂಕರ್ ಖರ್ಚು ಹಂಚಿಕೊಂಡೆವು. ಬಿಲ್ಲು ಮಾತ್ರ ಈ ಸಲ ಲೆಕ್ಕದ ಸಮೇತ ಲಿಫ್ಟಿನ ಬೋರ್ಡಿನ ಮೇಲಿತ್ತು.

ಬಿ ಟವರಿನ ಬೇಸ್‌ಮೆಂಟ್ ಗೋಡೆ ಸೋರುತ್ತಿತ್ತು. ಮನೆ ಸ್ವಾಧೀನ ಕೊಟ್ಟ ದಿನದಿಂದ ಐದು ವರ್ಷದೊಳಗೆ ಕಟ್ಟಡದ ರಚನೆ, ಕೆಲಸದ ಗುಣಮಟ್ಟದಲ್ಲಿ ದೋಷ ತೋರಿಸಿದರೆ ಪ್ರಮೋಟರ್ ನಮ್ಮಿಂದ ಖರ್ಚು ಕೇಳದೆ 30 ದಿನದಲ್ಲಿ ಸರಿಪಡಿಸಬೇಕು ಎನ್ನುತ್ತದೆ ರೇರಾ. ನಮಗೆ ಆ ಐದು ವರ್ಷ ಮುಗಿಯಲು ಕೆಲವೇ ತಿಂಗಳು ಉಳಿದಿದ್ದವು. ಖಾಸಗಿ ಎಂಜಿನಿಯರಿಂದ ವರದಿ ಮಾಡಿಸಿ, ಫೋಟೊ ಲಗತ್ತಿಸಿ, ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಿದೆವು. ಅಸೋಸಿಯೇಷನ್ ಇನ್ನೊಂದು ವರ್ಷ ಅವರ ಕೈಯಲ್ಲೇ ಇದ್ದಿದ್ದರೆ ತಮ್ಮ ಮೇಲೆ ತಾವೇ ಆ ನೋಟಿಸು ಕಳಿಸುತ್ತಿದ್ದರೇ? ಹೊಸದಾಗಿ ಮನೆ ಕೊಂಡವರು ಯಾರೇ ಕೇಳಲಿ, ಈ ಐದು ವರ್ಷದ ಲೆಕ್ಕವನ್ನೇ ನಾನು ಮೊದಲು ಹೇಳುತ್ತೇನೆ.

ಎರಡು ಮಹಡಿ ಹೆಚ್ಚಿಸುವ ಪ್ರಸ್ತಾವಕ್ಕೆ ಮೂರನೇ ಎರಡರಷ್ಟು ಒಪ್ಪಿಗೆ ಸಿಗಲಿಲ್ಲ. ಸಿ ಟವರ್ ಹಳೆಯ ನಕ್ಷೆಯಂತೆಯೇ ಏಳುತ್ತಿದೆ, ಮಕ್ಕಳ ಪಾರ್ಕು ಇದ್ದಲ್ಲೇ ಇದೆ. ಕಾರ್ಪಸ್ಸಿನ ಅಸಲು ಬಂದಿದೆ, ಬಡ್ಡಿಯಲ್ಲಿ ಒಂದು ಭಾಗ ಬಾಕಿ. ಕ್ಲಬ್ ಹೌಸಿನ ವ್ಯಾಜ್ಯ ಮುಗಿದಿಲ್ಲ. ಮಂಜೂರಾದ ನಕ್ಷೆಯಲ್ಲಿ, ರೇರಾ ಪೋರ್ಟಲಿಗೆ ಅವರೇ ಹಾಕಿದ ವಿವರದಲ್ಲಿ ಅದು ಯೋಜನೆಯ ಸೌಕರ್ಯ, ಡೀಡಿನಲ್ಲಿ ಪ್ರಮೋಟರ್ ಸ್ವತ್ತು. ಡೀಡನ್ನೇ ತಿದ್ದಿಸಬೇಕು. ಪಾಲುಗಳ ಶೇಕಡಾವಾರು ಬದಲಾಗುವುದಾದರೆ 1972ರ ಕಾಯ್ದೆಯಂತೆ ಎಲ್ಲ ಮಾಲೀಕರ ಒಪ್ಪಿಗೆಯೂ ಬೇಕು, ಹೊರದೇಶದಲ್ಲಿರುವವರು ಅಲ್ಲಿನ ಭಾರತೀಯ ದೂತಾವಾಸದಲ್ಲಿ ಅಧಿಕಾರಪತ್ರ ಮಾಡಿಸಿ ಕಳಿಸಬೇಕು. ಆ ಕೆಲಸ ಈಗ ಶುರುವಾಗಿದೆ. ಸಿ ಟವರಿನಲ್ಲಿ ಮನೆ ನೋಡಲು ಬಂದವರು ಅಸೋಸಿಯೇಷನ್ ಕಚೇರಿಗೆ ಬಂದು ಕೇಳಿದರೆ, ಡೀಡಿನ ದೃಢೀಕೃತ ನಕಲನ್ನೂ ಜಂಟಿ ಮೆಮೊದ ಪ್ರತಿಯನ್ನೂ ಓದಲು ಕೊಡುತ್ತೇವೆ.